“ನನ್ನ ಕೈಲಿ ಆಗ್ತಿಲ್ಲ” ಅನ್ನುವುದು ಅವಿಶ್ವಾಸವಾ?

ಬೆಟಗೇರಿ ಮಗಳು

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಅವ್ವನಿಗೆ ಲಕ್ವ ಹೊಡೆದು 14 ತಿಂಗಳಾಯಿತು. ಎಡಗಡೆ ಪೂರ್ತಿ ಬಿದ್ದುಹೋಗಿದೆ. ಹಾಸಿಗೆ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಹಗಲೂ ರಾತ್ರಿ ನಾನೊಬ್ಬಳೇ. ರಾತ್ರಿ 11, 1, 3, 5ಕ್ಕೆ ಮೊಬೈಲಿನಲ್ಲಿ ಅಲಾರಂ ಇಡುತ್ತೇನೆ.

ಹೋದ ಮಂಗಳವಾರ ಒಂದರ ಅಲಾರಂ ನಿಲ್ಲಿಸಿ ಹಾಗೇ ಮಲಗಿಬಿಟ್ಟೆ. ಎದ್ದಾಗ ಐದೂವರೆ. ಅವ್ವ ಎಚ್ಚರವಾಗೇ ಇದ್ದಳು, ನನ್ನನ್ನು ಕರೆದಿರಲಿಲ್ಲ. ಸೊಂಟದ ಹತ್ತಿರ ರೂಪಾಯಿ ನಾಣ್ಯದಷ್ಟು ಕೆಂಪಾಗಿತ್ತು.

ಪ್ರಾರ್ಥನಾ ಕೂಟದಲ್ಲಿ ಅಳುತ್ತಾ “ನನ್ನ ಕೈಲಿ ಆಗ್ತಿಲ್ಲ” ಅಂದೆ. ಒಬ್ಬ ಹಿರಿಯರು, “ಹಾಗನ್ನಬೇಡಮ್ಮ, ಅದು ಅವಿಶ್ವಾಸದ ಮಾತು” ಎಂದು ಬೈಬಲಿನ ಫಿಲಿಪ್ಪಿ 4:13 ನೆನಪಿಸಿದರು: ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ. ಬಲ ಕೊಡುವಾತನಿದ್ದರೆ ಎಲ್ಲವೂ ಆಗಬೇಕು, ಅಲ್ವಾ? ಹಾಗಾದರೆ ನನಗೇಕೆ ಆಗುತ್ತಿಲ್ಲ?

ನಿವೃತ್ತ ನರ್ಸ್

ಮೊದಲು ಆ ಕೆಂಪಾದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಮ್ಮ. ಬಿಳಿಚಿಕೊಳ್ಳದಿದ್ದರೆ ಡಾಕ್ಟರಿಗೆ ತೋರಿಸು. ಅದನ್ನು ತಿಕ್ಕಬೇಡ, ಆ ಮಗ್ಗಲಿಗೆ ಮಲಗಿಸಬೇಡ.

31 ವರ್ಷ ವಾರ್ಡಿನಲ್ಲಿದ್ದೆ. ನೈಟ್ ಡ್ಯೂಟಿ ಮುಗಿದರೆ ಹ್ಯಾಂಡೋವರ್ ಕೊಟ್ಟು ಮನೆಗೆ ಹೋಗುತ್ತಿದ್ದೆವು. ಯಾವ ಬೆಡ್‌ಗೆ ಏನು ಆಗಿದೆ, ಏನು ಬಾಕಿ ಇದೆ, ಎಲ್ಲ ಹೇಳಿ ಹೊರಡುವುದು. ರೋಗಿ ಮೇಲೆ ಪ್ರೀತಿ ಇಲ್ಲ ಅಂತಲ್ಲ. ನೀನು 14 ತಿಂಗಳಿಂದ ಹ್ಯಾಂಡೋವರ್ ಕೊಟ್ಟೇ ಇಲ್ಲ.

ಹಾಸನದ ಸಭಾಪಾಲಕ

ತಂಗಿ, ಆ ವಚನದ ಹಿಂದೆ ಮುಂದೆ ಓದು. ಫಿಲಿಪ್ಪಿಯ ಸಭೆಗೆ ಆ ಪತ್ರ ಬರೆದಾಗ ಅಪೊಸ್ತಲ ಪೌಲ ಸೆರೆಯಲ್ಲಿದ್ದ. ಹಸಿದಿರುವುದನ್ನೂ ತೃಪ್ತನಾಗಿರುವುದನ್ನೂ ಕಲಿತೆ ಅನ್ನುವುದು 12ನೇ ವಚನ. 14ನೇ ವಚನದಲ್ಲೇ, ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಅನ್ನುತ್ತಾನೆ. ಎಪಫ್ರೊದೀತ ಎಂಬವನ ಕೈಲಿ ಆ ಸಭೆಯವರು ಕಳಿಸಿದ ಸಹಾಯವನ್ನು ಬೇಡ ಅನ್ನಲಿಲ್ಲ. ಇದೇ ಪೌಲ, ಶರೀರದಲ್ಲಿರುವ ಮುಳ್ಳು ಎಂದು ತಾನು ಕರೆದ ಬಾಧೆಯನ್ನು ತೆಗೆ ಅಂತ ಕರ್ತನನ್ನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. “ನನ್ನ ಕೃಪೆಯೇ ನಿನಗೆ ಸಾಕು” ಎಂಬ ಉತ್ತರ ಸಿಕ್ಕಿತು.

ಸಭೆಯವರನ್ನು ಕೇಳು. ಕೇಳುವುದೂ ನಂಬಿಕೆಯೇ.

ಒಬ್ಬ ಓದುಗ

ಆ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಅಕ್ಕ. ನನ್ನ ಹೆಂಡತಿ ಕಾಯಿಲೆ ಬಿದ್ದಾಗ ನಾನು “ಆಗಲ್ಲ, ಆಗಲ್ಲ” ಅಂತ ಗೋಡೆಗೆ ಹೇಳಿಕೊಳ್ಳುತ್ತಾ ಪ್ರಾರ್ಥನೆಯನ್ನೇ ಬಿಟ್ಟಿದ್ದೆ. ಅದೇ ಮಾತನ್ನು ದೇವರಿಗೆ ಹೇಳಿದ್ದರೆ ಪ್ರಾರ್ಥನೆಯಾಗುತ್ತಿತ್ತು.

ಬೆಟಗೇರಿ ಮಗಳು

ಕೆಂಪು ಇಳಿದಿದೆ, ಸ್ತೋತ್ರ. ನರ್ಸ್ ಅಮ್ಮನ ಮಾತು ತಲೆಯಲ್ಲೇ ಉಳಿಯಿತು. ಚಿಕ್ಕವ್ವನ ಮಗಳನ್ನು ಕೇಳಿದೆ, ಶುಕ್ರವಾರ ರಾತ್ರಿ ಬರಲು ಒಪ್ಪಿದಳು. ಇಷ್ಟು ದಿನ ನಾನು ಕೇಳಿರಲೇ ಇಲ್ಲ.

ನಿನ್ನೆ ಶುಕ್ರವಾರ. ಮಲಗುವ ಮುಂಚೆ ಅವ್ವನ ಪಕ್ಕ ಕೂತು 121ನೇ ಕೀರ್ತನೆ ಓದಿದೆ. ಕಾಯುವಾತನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ ಬಂದಾಗ ಅವ್ವ ಬಲಗೈಯಿಂದ ನನ್ನ ಕೈ ಒತ್ತಿದಳು. ಆಮೇಲೆ ದೇವರಿಗೆ ಹ್ಯಾಂಡೋವರ್ ಕೊಟ್ಟೆ: ಮಾತ್ರೆ ಆಯಿತು, ಮಗ್ಗಲು ಬಲಕ್ಕೆ, ಮುಂದಿನದು ಹನ್ನೊಂದಕ್ಕೆ. ಅಲಾರಂ ಇರುವ ಮೊಬೈಲನ್ನು ತಂಗಿಯ ಕೈಗೆ ಕೊಟ್ಟು ಒಳಗೆ ಹೋಗಿ ಮಲಗಿದೆ.