ಐಸಿಯುನಲ್ಲಿ ಅಜ್ಜಿ, ಗುಂಪಿನಲ್ಲಿ ಡೆಟಾಲ್

ಗುಂಪು: ಅಜ್ಜಿಮನೆ ಬಳಗ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆದದ್ದು) ಆಸ್ಪತ್ರೆಯ ಸೋಂಕಿಗೆ ರಾಮಬಾಣ! ರೋಗಿಗೆ ದಿನಾ ಆಂಟಿಸೆಪ್ಟಿಕ್ ಸ್ನಾನ ಮಾಡಿಸಿದರೆ ರಕ್ತದ ಸೋಂಕು 44% ಕಡಿಮೆ! ಆಸ್ಪತ್ರೆಯವರು ಇದನ್ನು ನಿಮಗೆ ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ 🙏🙏

ದೊಡ್ಡಪ್ಪ: ಅಮ್ಮನನ್ನು ಐಸಿಯುಗೆ ಸೇರಿಸಿದ ಮೇಲೆ ಒಂದು ಸ್ನಾನವೂ ಇಲ್ಲ. ನಾಳೆ ನಾನೇ ಡೆಟಾಲ್ ತೆಗೆದುಕೊಂಡು ಹೋಗುತ್ತೇನೆ. ಯಾರು ತಡೆಯುತ್ತಾರೋ ನೋಡೋಣ.

ಅತ್ತೆ: ನಿಜ ಅಣ್ಣ. ನಿನ್ನೆ ಸಂಜೆ ಕೈ ಹಿಡಿದುಕೊಂಡರೆ ಮೈಯೆಲ್ಲಾ ಅಂಟಂಟು. ಒರೆಸಿಯೇ ಇಲ್ಲ ಅನಿಸಿತು.

ಚಿಕ್ಕಪ್ಪ: ಅಣ್ಣ, ಇಂಥದ್ದನ್ನೆಲ್ಲಾ ಎಲ್ಲಿಂದ ಹಿಡಿದು ತರುತ್ತೀಯ? ಕಳೆದ ತಿಂಗಳು ಬೆಂಡೆಕಾಯಿ ನೀರು, ಈಗ ಇದು.

ದೊಡ್ಡಪ್ಪ: ನಿನಗೆ ಎಲ್ಲವೂ ತಮಾಷೆ.

ವಾಣಿ ಅಕ್ಕ: ದೊಡ್ಡ ಮಾವ, ಈಗಷ್ಟೇ ನನ್ನ ನರ್ಸ್ ಡ್ಯೂಟಿ ಮುಗಿಯಿತು. ದಯವಿಟ್ಟು ಡೆಟಾಲ್ ತರಬೇಡಿ. ಆದರೆ ಈ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು ಅದು. ಅಮೆರಿಕದ 43 ಆಸ್ಪತ್ರೆಗಳು, 74,000ಕ್ಕೂ ಜಾಸ್ತಿ ಐಸಿಯು ರೋಗಿಗಳು. 44% ಸರಿಯಾಗಿಯೇ ಇದೆ.

ದೊಡ್ಡಪ್ಪ: ನೋಡಿದೆಯಾ ತಮ್ಮಾ!

ವಾಣಿ ಅಕ್ಕ: ಇನ್ನೂ ಮುಗಿಸಿಲ್ಲ ಮಾವ. ಅವರು ಬಳಸಿದ್ದು ಡೆಟಾಲ್ ಅಲ್ಲ, ಕ್ಲೋರ್‌ಹೆಕ್ಸಿಡಿನ್. ಹಲ್ಲಿನ ಡಾಕ್ಟರು ಬಾಯಿ ಮುಕ್ಕಳಿಸಲು ಬರೆದುಕೊಡುತ್ತಾರಲ್ಲ, ಅದೇ ಮದ್ದು. ಬಾಯಿಗೆ 0.2% ಆದರೆ ಮೈ ಒರೆಸುವ ಬಟ್ಟೆಯಲ್ಲಿ 2%. ಜೊತೆಗೆ 5 ದಿನ ಮೂಗಿನೊಳಗೆ ಮುಪಿರೊಸಿನ್ ಎಂಬ ಆಂಟಿಬಯೋಟಿಕ್ ಮುಲಾಮು ಹಚ್ಚಿದ್ದರು. ಫಾರ್ವರ್ಡ್ ಮಾಡಿದ ಪುಣ್ಯಾತ್ಮರು ಮೂಗನ್ನೇ ಬಿಟ್ಟಿದ್ದಾರೆ.

ಚಿಕ್ಕಪ್ಪ: ನಾನೂ ಸ್ವಲ್ಪ ಹುಡುಕಿದೆ. 2015ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ವಾಂಡರ್‌ಬಿಲ್ಟ್‌ನವರು 5 ಐಸಿಯುಗಳಲ್ಲಿ 9,340 ರೋಗಿಗಳ ಮೇಲೆ ಇದೇ ಕ್ಲೋರ್‌ಹೆಕ್ಸಿಡಿನ್ ಬಟ್ಟೆ ಪರೀಕ್ಷೆ ಮಾಡಿದ್ದಾರೆ. ಏನೂ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಬಿಲ್ ಜಾಸ್ತಿ ಮಾಡುವ ದಾರಿ ಇದು.

ವಾಣಿ ಅಕ್ಕ: ಚಿಕ್ಕ ಮಾವ, ಅವರು ಯಾವ ಸೋಂಕುಗಳನ್ನು ಲೆಕ್ಕ ಹಾಕಿದರು ಎಂದೂ ನೋಡಿದಿರಾ? ರಕ್ತದ ಸೋಂಕಿನ ಜೊತೆ ಮೂತ್ರದ ನಳಿಕೆಯದ್ದು, ವೆಂಟಿಲೇಟರ್ ನ್ಯುಮೋನಿಯಾ, ಸಿ. ಡಿಫಿಸಿಲ್ ಭೇದಿ, ಎಲ್ಲವನ್ನೂ ಒಂದೇ ಗಂಟು ಕಟ್ಟಿದ್ದಾರೆ. ಚರ್ಮ ಒರೆಸಿದರೆ ಕರುಳಿನ ಭೇದಿ ಹೇಗೆ ನಿಲ್ಲಬೇಕು?

ಚಿಕ್ಕಪ್ಪ: ಹ್ಞೂಂ.

ಚಿಕ್ಕಪ್ಪ: ಆದರೂ ಎಲ್ಲರಿಗೂ ಬೇಕು ಅಂತೇನೂ ಇಲ್ಲ ಅಲ್ವಾ?

ವಾಣಿ ಅಕ್ಕ: ಅದು ಸರಿ. 2019ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಅಧ್ಯಯನದಲ್ಲಿ 53 ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ ನೋಡಿದರು. ಒಟ್ಟಾರೆ ಹೇಳಿಕೊಳ್ಳುವಂಥ ಲಾಭ ಇಲ್ಲ. ಆದರೆ ಸೆಂಟ್ರಲ್ ಲೈನ್‌ನಂಥ (ದೊಡ್ಡ ರಕ್ತನಾಳಕ್ಕೆ ಹಾಕುವ) ನಳಿಕೆ ಇದ್ದವರಲ್ಲಿ ಮಾತ್ರ ರಕ್ತದ ಸೋಂಕು ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆ ಆಗಿತ್ತು. ಅಜ್ಜಿ ಇರುವುದು ಐಸಿಯುನಲ್ಲಿ. ಕುತ್ತಿಗೆಯಲ್ಲಿ ಲೈನ್ ಇದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆ ನಳಿಕೆ ಹಿಡಿದೇ ರಕ್ತಕ್ಕೆ ಇಳಿಯುವುದು. ಹಾಗಾಗಿ ಅಜ್ಜಿ ವಿಷಯದಲ್ಲಿ ನಾನು ದೊಡ್ಡ ಮಾವನ ಪಕ್ಷ.

ದೊಡ್ಡಪ್ಪ: 💪

ನಾನು: ಅಕ್ಕ, ಅವರು ಸ್ನಾನ ಮಾಡಿಸಿದ್ದಾರೋ ಇಲ್ಲವೋ ನಮಗೆ ಹೇಗೆ ಗೊತ್ತಾಗುತ್ತದೆ?

ವಾಣಿ ಅಕ್ಕ: ಬಕೆಟ್ಟು, ಚೊಂಬು ಏನೂ ಇರುವುದಿಲ್ಲ. ನಮ್ಮಲ್ಲಿ ಮಾಡುವುದು ಹೇಳುತ್ತೇನೆ. 6 ಬಟ್ಟೆ. ದವಡೆಯಿಂದ ಕೆಳಗೆ ಮಾತ್ರ. ಕಣ್ಣಿಗೆ, ಕಿವಿಯೊಳಗೆ ಹೋಗಬಾರದು. ಕುತ್ತಿಗೆ ಎದೆಗೆ ಒಂದು, ಕೈ ಕಂಕುಳಿಗೆ ಒಂದು, ಹೀಗೆ ಬಟ್ಟೆ ಬದಲಿಸುತ್ತಾ ಹೋಗಬೇಕು. ಚರ್ಮದ ಮಡಿಕೆಗಳಲ್ಲಿ ಸರಿಯಾಗಿ ತಿಕ್ಕಬೇಕು. ಮೈಯಿಂದ ಹೊರಗೆ ಬಂದಿರುವ ನಳಿಕೆಯನ್ನೂ 6 ಇಂಚಿನಷ್ಟು ಒರೆಸುತ್ತೇವೆ. ಆಮೇಲೆ ನೀರು ಹಾಕುವಂತಿಲ್ಲ, ಟವೆಲ್ ಮುಟ್ಟಿಸುವಂತಿಲ್ಲ. ತಾನಾಗಿಯೇ ಒಣಗಬೇಕು. ಸ್ವಲ್ಪ ಹೊತ್ತು ಮೈ ಅಂಟಂಟು ಇರುತ್ತದೆ.

ಅತ್ತೆ: ಅಂಟಂಟಾ?

ವಾಣಿ ಅಕ್ಕ: ಹೌದಮ್ಮ. ಯಾಕೆ?

ಅತ್ತೆ: ನಾನು ನಿನ್ನೆ ಟವೆಲ್ ಸೋಪಿನ ನೀರಲ್ಲಿ ಅದ್ದಿ ಅಮ್ಮನ ಕೈಕಾಲು ಪೂರ್ತಿ ಒರೆಸಿದೆ. ಸಿಸ್ಟರ್ ಬಂದು ಬೈದರು. ಗಂಟು ಮುಖದವಳು ಅಂದುಕೊಂಡೆ.

ವಾಣಿ ಅಕ್ಕ: ಅಮ್ಮಾ!! ಸೋಪು ತಾಗಿದರೆ ಕ್ಲೋರ್‌ಹೆಕ್ಸಿಡಿನ್ ಕೆಲಸ ಮಾಡುವುದಿಲ್ಲ. ಅವರು ಬೆಳಿಗ್ಗೆ ಹಚ್ಚುತ್ತಿದ್ದರೆ ನೀನು ಸಂಜೆ ಕೆಡಿಸುತ್ತಿದ್ದೀಯ.

ಚಿಕ್ಕಪ್ಪ: 😂😂

ದೊಡ್ಡಪ್ಪ: ಅಂದರೆ ದಿನಾ ಮಾಡುತ್ತಿದ್ದಾರೆ ಅಂತಲಾ? ಹಾಗಾದರೆ ಯಾಕೆ ನಮಗೆ ಒಂದು ಮಾತು ಹೇಳುವುದಿಲ್ಲ?

ವಾಣಿ ಅಕ್ಕ: ಮಾಡಿರಬಹುದು, ನಾನು ನೋಡಿಲ್ಲ. ನಾಳೆ ಡ್ಯೂಟಿ ಸಿಸ್ಟರನ್ನೇ ಕೇಳಿ. ಹೇಳಬೇಕಿತ್ತು ಎನ್ನುವುದು ನಿಜ, ಅದರಲ್ಲಿ ನಮ್ಮವರದ್ದೂ ತಪ್ಪಿದೆ. ಅಜ್ಜಿಗೆ ಹಿಂದೆ ಯಾವುದಾದರೂ ಮದ್ದಿಗೆ ಗಂಧೆ ಎದ್ದಿದ್ದರೆ ಅದನ್ನೂ ತಿಳಿಸಿ. ಇದಕ್ಕೆ ಅಪರೂಪಕ್ಕೆ ಜೋರು ಅಲರ್ಜಿ ಆಗುತ್ತದೆ, 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಕೊಬ್ಬರಿ ಎಣ್ಣೆ, ಕ್ರೀಮು ಏನೇ ಹಚ್ಚುವುದಿದ್ದರೂ ಕೇಳದೆ ಬೇಡ.

ದೊಡ್ಡಪ್ಪ: ಮನೆಯಲ್ಲಿ ನಾವೂ ಇದರಲ್ಲೇ ಸ್ನಾನ ಮಾಡಿದರೆ?

ವಾಣಿ ಅಕ್ಕ: ಬೇಡ ಮಾವ. ಬೇಕಿಲ್ಲದ ಕಡೆ ಸುರಿಯುತ್ತಾ ಹೋದರೆ ಬ್ಯಾಕ್ಟೀರಿಯಾ ಇದಕ್ಕೂ ಒಗ್ಗಿಕೊಳ್ಳುತ್ತವೆ. ಅಂಥ ಜೀನ್‌ಗಳು ಈಗಾಗಲೇ ಕೆಲವು ತಳಿಗಳಲ್ಲಿ ಸಿಕ್ಕಿವೆ. ಇನ್ನೊಂದು ವಿಷಯ. ಅಮೆರಿಕದ ಆ ಅಧ್ಯಯನಗಳ ಕಣ್ಣು ಹೆಚ್ಚಾಗಿ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಎಂಆರ್‌ಎಸ್‌ಎ ಮೇಲೆ. ನಮ್ಮ ಐಸಿಯುಗಳಲ್ಲಿ ಜಾಸ್ತಿ ಕಾಡುವುದು ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬೇರೆ ಬ್ಯಾಕ್ಟೀರಿಯಾ. ಎಷ್ಟೋ ಸಲ ಬಲವಾದ ಆಂಟಿಬಯೋಟಿಕ್ ಮೆರೊಪೆನಮ್‌ಗೂ ಜಗ್ಗುವುದಿಲ್ಲ. ಅವುಗಳ ಮೇಲೆ ಈ ಮದ್ದಿನ ಹಿಡಿತ ಅಷ್ಟು ಬಿಗಿಯಲ್ಲ. ಅವು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವುದು ಮುಖ್ಯವಾಗಿ ಕೈ ಮೇಲೆ. ನಮ್ಮ ಕೈ, ಡಾಕ್ಟರ ಕೈ, ನಿಮ್ಮ ಕೈ.

ಅತ್ತೆ: ಅಣ್ಣ ಭಾನುವಾರ ಎಲ್ಲರನ್ನೂ ಟಿಟಿ ಮಾಡಿಕೊಂಡು ಕರೆತರುತ್ತಾನಂತೆ!

ವಾಣಿ ಅಕ್ಕ: ಎಲ್ಲರನ್ನೂ ಅಂದರೆ?

ದೊಡ್ಡಪ್ಪ: ತೀರ್ಥಹಳ್ಳಿಯವರು, ನಮ್ಮವರು, ಮಕ್ಕಳು. ಅಮ್ಮನಿಗೆ ಮೊಮ್ಮಕ್ಕಳನ್ನು ನೋಡಿದರೆ ಅರ್ಧ ಕಾಯಿಲೆ ವಾಸಿ.

ಚಿಕ್ಕಪ್ಪ: ಅಣ್ಣ, ಸೋಂಕಿನ ಬಗ್ಗೆ ಬೆಳಿಗ್ಗೆಯಿಂದ ಭಾಷಣ ಮಾಡಿದ್ದು ನೀನೇ.

ವಾಣಿ ಅಕ್ಕ: ದಿನಕ್ಕೆ ಒಬ್ಬರು ಸಾಕು. ಬಾಗಿಲಲ್ಲಿರುವ ಹ್ಯಾಂಡ್‌ರಬ್ ಹಚ್ಚಿಕೊಂಡು, ಕೈ ಒಣಗಿದ ಮೇಲೆ ಒಳಗೆ ಹೋಗಬೇಕು. ಹೊರಗೆ ಬರುವಾಗಲೂ ಅಷ್ಟೇ. ಹಾಸಿಗೆ ಮೇಲೆ ಕೂರಬೇಡಿ. ಮತ್ತೆ ದೊಡ್ಡ ಮಾವ, ಡಾಕ್ಟರನ್ನು ಒಂದು ಮಾತು ಕೇಳಿ: ಕುತ್ತಿಗೆಯ ಲೈನ್ ಇನ್ನೂ ಬೇಕಾ, ಯಾವತ್ತು ತೆಗೆಯುತ್ತೀರಿ? ಒರೆಸುವುದಕ್ಕಿಂತ ದೊಡ್ಡದು ಅದು. ನಳಿಕೆಯೇ ಇಲ್ಲದಿದ್ದರೆ ನಳಿಕೆಯ ಸೋಂಕು ಎಲ್ಲಿಂದ?

ದೊಡ್ಡಪ್ಪ: ಹಾಗೆಲ್ಲಾ ಕೇಳಿದರೆ ಡಾಕ್ಟರು ಸಿಟ್ಟಾಗುವುದಿಲ್ಲವಾ?

ವಾಣಿ ಅಕ್ಕ: ಆದರೆ ಆಗಲಿ. ಕೇಳಿ.

ದೊಡ್ಡಪ್ಪ: ಸರಿ. ರೌಂಡ್ಸ್ ಎಷ್ಟು ಗಂಟೆಗೆ?

ಅತ್ತೆ: ಒಂಬತ್ತೂವರೆಗೆ. ತಡ ಮಾಡಬೇಡ ಅಣ್ಣ, ಆಮೇಲೆ ಸಿಗುವುದಿಲ್ಲ. ಟಿಟಿಯವನಿಗೆ ಈಗಲೇ ಫೋನ್ ಮಾಡಿ ಬೇಡ ಅಂತ ಹೇಳು.

ದೊಡ್ಡಪ್ಪ: ಅಡ್ವಾನ್ಸ್ ಕೊಟ್ಟಾಗಿದೆಯಲ್ಲ ಮಾರಾಯ್ತಿ.