ಸಹಾಯ ಬೇಕು: ಫೈಬರ್ ಬೋಟಿನ ತಳಕ್ಕೆ ಯಾವ ಬ್ಯಾರಿಯರ್ ಕೋಟ್ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಮಲ್ಪೆಯಲ್ಲಿ ನಮ್ಮ ಫೈಬರ್ ಬೋಟನ್ನು ಮಳೆಗಾಲದ ರಜೆಗೆ ದಡಕ್ಕೆ ಎಳೆದಿದ್ದೇವೆ. ನೀರಲ್ಲಿ ಮುಳುಗುವ ಭಾಗದ ತುಂಬ ಸಣ್ಣ ಗುಳ್ಳೆಗಳು. ಚುಚ್ಚಿದರೆ ಅಂಟಂಟಾದ, ವಿನೆಗರ್ ವಾಸನೆಯ ನೀರು ಬರುತ್ತದೆ. ಜೆಲ್‌ಕೋಟ್ (ಬೋಟಿನ ಹೊರಮೈಯ ನುಣುಪು ಪದರ) ದಾಟಿ ನೀರು ಒಳಗಿಳಿದಿದೆ. ಗುಳ್ಳೆ ಕೆರೆದು, ಸಿಹಿನೀರಲ್ಲಿ ತೊಳೆದು, ಶೆಡ್ಡಿನಲ್ಲಿ ಒಣಗಲು ಬಿಟ್ಟಿದ್ದೇವೆ.

ಇನ್ನು ನೀರು ಒಳಗಿಳಿಯದಂತೆ ತಡೆಯುವ ಎಪಾಕ್ಸಿ (ಗಟ್ಟಿಯಾಗುವ ರಾಳ) ಬ್ಯಾರಿಯರ್ ಕೋಟ್, ಅದರ ಮೇಲೆ ಚಿಪ್ಪು ಹಿಡಿಯದಂತೆ ಆ್ಯಂಟಿಫೌಲಿಂಗ್ ಬಣ್ಣ ಹೊಡೆಯಬೇಕು. ಥಿನ್ನರ್ ಇಲ್ಲದ ದಪ್ಪ ಎಪಾಕ್ಸಿ ಒಳ್ಳೆಯದೋ, ತೆಳುವಾಗಿ ನಾಲ್ಕೈದು ಕೋಟ್ ಹೊಡೆಯುವುದೋ? ಈ ತೇವದಲ್ಲಿ ಎಪಾಕ್ಸಿ ಮೇಲೆ ಜಿಡ್ಡು ಕಟ್ಟಿದರೆ ಮುಂದಿನ ಕೋಟ್ ಹಿಡಿಯುವುದಿಲ್ಲ. ಆಗಸ್ಟ್ 1ಕ್ಕೆ ಕಡಲಿಗಿಳಿಯುವ ಆಸೆಯಿದೆ, ಆದರೆ ಹಸಿ ಇದ್ದಾಗಲೇ ಮುಚ್ಚುವುದಕ್ಕಿಂತ ತಡವಾದರೂ ಚಿಂತೆಯಿಲ್ಲ. ಕೀಲ್‌ನ (ತಳದ ಉದ್ದಕ್ಕೂ ಇರುವ ನಡು ಏಣಿನ) ಕಬ್ಬಿಣದ ಪಟ್ಟಿಗೆ ಅದೇ ಎಪಾಕ್ಸಿ ಸಾಕೋ, ಮೊದಲು ತುಕ್ಕು ತಡೆಯುವ ಜಿಂಕ್ ಪ್ರೈಮರ್ ಬೇಕೋ? ಮಳೆಗಾಲದಲ್ಲೇ ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.