ಹಳೆ ಎಸ್ಟೀಮ್‌ಗೆ ಟರ್ಬೊ ಕೂರಿಸಬೇಕು, ರೇಡಿಯೇಟರ್ ಎಷ್ಟು ದೊಡ್ಡದು ಬೇಕು?

ಪ್ರಶ್ನೆ (ಮಡಿಕೇರಿಯ ಸದಸ್ಯರು):
ಅಣ್ಣ, ನಮಸ್ಕಾರ. ನನ್ನದು 2002ರ ಮಾರುತಿ ಎಸ್ಟೀಮ್, 1.3 ಎಂಪಿಎಫ್‌ಐ. ಅಪ್ಪ ಓಡಿಸುತ್ತಿದ್ದ ಗಾಡಿ, ಮಾರಲು ಮನಸ್ಸಿಲ್ಲ. ತೋಟದೊಳಗಿನ ಆಟೋಕ್ರಾಸ್‌ಗೆ ಅಂತ ಸಣ್ಣ ಟರ್ಬೊ ಕೂರಿಸುವ ಆಸೆ ಇದೆ, 0.4 ಬಾರ್ ಬೂಸ್ಟ್ (ಇಂಜಿನ್‌ಗೆ ಗಾಳಿ ತುಂಬುವ ಹೆಚ್ಚುವರಿ ಒತ್ತಡ) ಸಾಕು. ಆದರೆ ಈಗಲೇ ಸಂಪಾಜೆ ಘಾಟಿ ಹತ್ತುವಾಗ ಎಸಿ ಹಾಕಿದರೆ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟುತ್ತದೆ. ಒಬ್ಬರು ರೇಡಿಯೇಟರ್‌ಗೆ ನಾಲ್ಕು ಸಾಲು ಟ್ಯೂಬಿನ ದಪ್ಪ ಕೋರ್ ಹಾಕಿಸು ಅಂದರು. ಇನ್ನೊಬ್ಬರು ಥರ್ಮೋಸ್ಟಾಟ್ ಕಿತ್ತು ಬಿಸಾಡು ಅಂದರು. ನೀವು ಹೇಳಿ, ಎಲ್ಲಿಂದ ಶುರು ಮಾಡಲಿ?

ಉತ್ತರ:
ತಮ್ಮ, ಮೊದಲು ಒಂದು ಲೆಕ್ಕ. ಸಂಪಾಜೆಯಿಂದ ಮಡಿಕೇರಿಗೆ ಸಾವಿರ ಮೀಟರ್ ಹತ್ತಿರ ಏರುತ್ತೀರಿ. ಗಾಡಿ, ಜನ, ಸಾಮಾನು ಸೇರಿ 1,200 ಕೆಜಿ ಇಟ್ಟುಕೊಳ್ಳಿ. ಮುಕ್ಕಾಲು ಗಂಟೆಯಲ್ಲಿ ಹತ್ತಿದರೆ ಆ ತೂಕವನ್ನು ಮೇಲೆ ಎತ್ತಲು ಬೇಕಾಗುವುದು ಸರಾಸರಿ 6 ಎಚ್‌ಪಿ ಮಾತ್ರ. ಟೈರಿನ ಎಳೆತ, ಎಸಿ ಎಲ್ಲ ಸೇರಿಸಿದರೂ 15 ದಾಟುವುದು ಕಷ್ಟ. ನಿಮ್ಮದು 85 ಎಚ್‌ಪಿ ಇಂಜಿನ್. ಅದಕ್ಕೆ ಅಂತ ಕಂಪನಿ ಕೊಟ್ಟ ಸೈಜಿನ ರೇಡಿಯೇಟರ್ ಈ ಕೆಲಸಕ್ಕೆ ಧಾರಾಳ ಸಾಕು. ಅಂದರೆ ನಿಮ್ಮ ರೇಡಿಯೇಟರ್ ಚಿಕ್ಕದಲ್ಲ, ಎಲ್ಲೋ ಕೆಟ್ಟಿದೆ. ಕೆಟ್ಟದ್ದನ್ನು ಹುಡುಕದೆ ದೊಡ್ಡದು ಹಾಕಿದರೆ ಟರ್ಬೊ ಬಂದ ದಿನ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಹೆಡ್‌ಗೂ ನಡುವಿನ ಸೀಲ್) ಹೋಗುತ್ತದೆ.

ಇವತ್ತೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ಇಂಜಿನ್ ಬಿಸಿಯಾಗಿ ಫ್ಯಾನ್ ತಿರುಗುವಾಗ ದಿನಪತ್ರಿಕೆಯ ಒಂದು ಹಾಳೆಯನ್ನು ಗ್ರಿಲ್ ಮುಂದೆ ಹಿಡಿದು ಬಿಡಿ. ಹಾಳೆ ಗ್ರಿಲ್‌ಗೆ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಗಾಳಿ ಒಳಗೆ ಹೋಗುತ್ತಿಲ್ಲ. ಆಗ ಎಸಿ ಕಂಡೆನ್ಸರ್ ಬಿಚ್ಚಿಸಿ, ಅದಕ್ಕೂ ರೇಡಿಯೇಟರ್‌ಗೂ ನಡುವೆ ನೋಡಿ. ನಮ್ಮ ಕಡೆಯ ಗಾಡಿಗಳಲ್ಲಿ ಅಲ್ಲಿ ಕಂಬಳಿ ಥರ ಒಂದು ಪದರ ಸಿಗುತ್ತದೆ. ಹುಲ್ಲಿನ ಬೀಜ, ಸಿಲ್ವರ್ ಓಕ್ ಎಲೆ ಚೂರು, ಹುಳದ ರೆಕ್ಕೆ, ಎಲ್ಲದರ ಮೇಲೆ ಕೆಂಪು ಮಣ್ಣು ಮೆತ್ತಿ ಗಟ್ಟಿಯಾಗಿರುತ್ತದೆ. ಕೈಯಲ್ಲಿ ಹಿಡಿದು ಎಳೆದರೆ ಇಡೀ ಹಾಳೆಯಾಗಿ ಬರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಫಿನ್ಸ್ (ತೆಳು ತಗಡಿನ ಮಡಿಕೆಗಳು) ಹೊಳೆಯುತ್ತಿರುತ್ತವೆ. ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಗೆ, ಸಾದಾ ಪೈಪಿನಲ್ಲಿ ನೀರು ಬಿಡಿ. ವಾಟರ್ ಸರ್ವಿಸ್ ಗನ್ ಹಿಡಿದರೆ ಫಿನ್ಸ್ ಮಡಚಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಥರ್ಮೋಸ್ಟಾಟ್ ಮಾತ್ರ ಕೀಳಬೇಡಿ. ಅದು ಇಂಜಿನ್‌ನಿಂದ ರೇಡಿಯೇಟರ್‌ಗೆ ನೀರು ಬಿಡುವ ಬಾಗಿಲು, ಬಿಸಿಯಾದಾಗ ತೆರೆದುಕೊಳ್ಳುತ್ತದೆ. ನಿಮ್ಮದು ಪೂರ್ತಿ ತೆರೆಯುತ್ತಿಲ್ಲ ಅನ್ನಿಸಿದರೆ ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಹಾಕಿ ನೋಡಿ, ತೆರೆಯದಿದ್ದರೆ ಹೊಸದು ಹಾಕಿ. ಕಿತ್ತರೆ ಬೆಳಗಿನ ಚಳಿಯಲ್ಲಿ ಇಂಜಿನ್ ಬಿಸಿಯೇ ಆಗುವುದಿಲ್ಲ. ಇಸಿಎಂ, ಅಂದರೆ ಇಂಜಿನ್ನಿನ ಕಂಪ್ಯೂಟರ್, ಇಂಜಿನ್ ಇನ್ನೂ ತಣ್ಣಗಿದೆ ಅಂತ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತದೆ, ಆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತದೆ.

ಈಗ ಟರ್ಬೊ ವಿಷಯ. 0.4 ಬಾರ್‌ಗೆ ನಿಮಗೆ 110 ಎಚ್‌ಪಿ ಆಸುಪಾಸು ಸಿಗಬಹುದು. ಪೆಟ್ರೋಲ್ ಇಂಜಿನ್‌ನಲ್ಲಿ ಅಂದಾಜು ಹೇಳುವುದಾದರೆ ಚಕ್ರಕ್ಕೆ ಹೋಗುವಷ್ಟೇ ಶಾಖ ಕೂಲೆಂಟ್‌ಗೂ ಹೋಗುತ್ತದೆ, ಇನ್ನೊಂದು ಪಾಲು ಸೈಲೆನ್ಸರ್‌ನಲ್ಲಿ ಹೊರಗೆ. ಹಾಗಾಗಿ 25 ಎಚ್‌ಪಿ ಹೆಚ್ಚಾದರೆ 18 ಕಿಲೋವ್ಯಾಟ್ ಶಾಖ ರೇಡಿಯೇಟರ್ ಮೇಲೆ ಹೆಚ್ಚುವರಿ ಬೀಳುತ್ತದೆ. ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಒಂಬತ್ತು ಒಟ್ಟಿಗೆ ಹಾಕಿದ ಹಾಗೆ. ಇದು ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ನಿಜ. ಆದರೆ ಆಟೋಕ್ರಾಸ್‌ನಲ್ಲಿ ಒತ್ತಿಯೇ ಇರುತ್ತೀರಿ, ಗಾಡಿ ಮಾತ್ರ ಎರಡನೇ ಗೇರಿನಲ್ಲಿ ನಿಧಾನ ಇರುತ್ತದೆ.

ಇಲ್ಲೇ ನಾಲ್ಕು ಸಾಲಿನ ಕೋರ್ ಮೋಸ ಮಾಡುವುದು. ಹೈವೇಯಲ್ಲಿ 80ರಲ್ಲಿ ಹೋಗುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ, ದಪ್ಪ ಕೋರ್ ಆದರೂ ನಡೆಯುತ್ತದೆ. ನಮ್ಮ ಊರಿನ ವೇಗದಲ್ಲಿ ಗಾಳಿ ಎಳೆಯುವುದು ಫ್ಯಾನ್ ಒಂದೇ. ಕೋರ್ ದಪ್ಪ ಆದಷ್ಟೂ ಅದಕ್ಕೆ ಎಳೆಯಲು ಕಷ್ಟ. ಹಿಂದಿನ ಸಾಲಿಗೆ ತಲುಪುವ ಹೊತ್ತಿಗೆ ಗಾಳಿ ಆಗಲೇ ಬಿಸಿ. ಅದಕ್ಕೇ ನನ್ನ ಸಲಹೆ, ದಪ್ಪಕ್ಕಿಂತ ಅಗಲ ಮತ್ತು ಎತ್ತರ ಹೆಚ್ಚಿಸಿ. ಎಷ್ಟು ಜಾಗ ಇದೆಯೋ ಅಷ್ಟೂ ಮುಖ ತುಂಬಲಿ. ಅಗಲ ಟ್ಯೂಬಿನ ಎರಡು ಸಾಲಿನ ಅಲ್ಯೂಮಿನಿಯಂ ಕೋರ್ ಸಾಕು. ತಾಮ್ರ ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖ ದಾಟಿಸುತ್ತದೆ ಅನ್ನುವುದು ಸರಿ. ಆದರೆ ಹಳೆ ರೇಡಿಯೇಟರ್‌ನಲ್ಲಿ ಟ್ಯೂಬ್ ಹಿತ್ತಾಳೆ, ನಡುವೆ ಸೀಸದ ಬೆಸುಗೆ, ಟ್ಯೂಬ್ ಕೂಡ ಸಣ್ಣದು. ತಾಮ್ರದ ಲಾಭ ಅಲ್ಲೇ ಕರಗುತ್ತದೆ.

ಫ್ಯಾನ್‌ಗೆ ದುಡ್ಡು ಹಾಕುವ ಮೊದಲು ಶ್ರೌಡ್‌ಗೆ (ಫ್ಯಾನ್ ಸುತ್ತಲಿನ ಮುಚ್ಚಿಗೆಗೆ) ಹಾಕಿ. ಫ್ಯಾನನ್ನು ಸುಮ್ನೆ ಕೋರ್‌ಗೆ ಕಟ್ಟಿದರೆ ರೆಕ್ಕೆ ಇರುವಷ್ಟು ಜಾಗದಲ್ಲಿ ಮಾತ್ರ ಗಾಳಿ ಹೋಗುತ್ತದೆ, ಮೂಲೆಗಳು ಸತ್ತ ಹಾಗೆ. ಇಡೀ ಕೋರ್ ಮುಚ್ಚುವ ತಗಡಿನ ಶ್ರೌಡ್ ಮಾಡಿಸಿ, ಕೋರ್‌ನಿಂದ ಒಂದೆರಡು ಇಂಚು ಹಿಂದೆ ಇರಲಿ, ಅದಕ್ಕೆ ಎರಡು ಫ್ಯಾನ್ ಕೂರಿಸಿ. ಇಂಜಿನ್ ಕಡೆಯಿಂದ ಎಳೆಯುವ ಫ್ಯಾನ್ ಆಗಬೇಕು, ಮುಂದಿನಿಂದ ತಳ್ಳುವುದಲ್ಲ. ಬಂಪರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದುಗಳನ್ನು ಫೋಮ್ ಹಾಕಿ ಮುಚ್ಚಿ. ಗಾಳಿ ಸೋಮಾರಿ, ಪಕ್ಕದಲ್ಲಿ ದಾರಿ ಸಿಕ್ಕರೆ ಫಿನ್ಸ್ ಒಳಗೆ ಹೋಗುವುದೇ ಇಲ್ಲ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಬಂದರೆ ಕಂಡೆನ್ಸರ್, ರೇಡಿಯೇಟರ್ ಸೇರಿ ಮೂರು ಪದರ ಆಗುತ್ತದೆ. ಅದಕ್ಕೆ ಇಂಟರ್‌ಕೂಲರ್ ತೆಳ್ಳಗೆ ಇರಲಿ, ಅದನ್ನು ಬಂಪರಿನ ಕೆಳಭಾಗಕ್ಕೆ ಇಳಿಸಿ.

ವೈರಿಂಗ್‌ನಲ್ಲಿ ಜುಗ್ಗತನ ಬೇಡ. ಎರಡು 12 ಇಂಚಿನ ಫ್ಯಾನ್ ಸೇರಿ 20 ಆಂಪಿಯರ್ ಎಳೆಯಬಹುದು. ಒಂದೊಂದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್, ದಪ್ಪ ವೈರ್, ಒಳ್ಳೆ ಅರ್ಥ್. ಮೊದಲನೆಯದು 90 ಡಿಗ್ರಿಗೆ, ಎರಡನೆಯದು 95ಕ್ಕೆ ಶುರುವಾಗಲಿ. ಮಳೆಗಾಲದ ರಾತ್ರಿ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಓಡುವಾಗ ಆಲ್ಟರ್ನೇಟರ್ ಇದನ್ನೂ ತಡೆಯಬೇಕು, ಅದರ ಮೇಲೆ ಬರೆದಿರುವ ಆಂಪಿಯರ್ ನೋಡಿಕೊಳ್ಳಿ.

ಇನ್ನೊಂದು ಮಾತು. ಟರ್ಬೊ ಹಾಕಿದ ಗಾಡಿಯನ್ನು ರಸ್ತೆಗೆ ಇಳಿಸುವುದಾದರೆ ಗಾಡಿಯ ಮಾರ್ಪಾಡಿಗೆ ಮಿತಿ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಇನ್ಶೂರೆನ್ಸ್‌ಗೂ ತೊಂದರೆ. ಆಟೋಕ್ರಾಸ್‌ಗೆ ಮಾತ್ರ ಇಟ್ಟುಕೊಳ್ಳಿ, ಟ್ರೈಲರ್‌ನಲ್ಲಿ ಒಯ್ಯಿರಿ.

ಸೋಮವಾರಪೇಟೆಯಿಂದ:
ಸರ್, ಮಡಿಕೇರಿಯಲ್ಲಿ ಹೇಗೂ ಚಳಿ ಅಲ್ವಾ? ಇಷ್ಟೆಲ್ಲ ಬೇಕಾ?

ಉತ್ತರ:
ಚಳಿ ಸಹಾಯ ಮಾಡುತ್ತದೆ, ಎತ್ತರ ಕಿತ್ತುಕೊಳ್ಳುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಗಾಳಿ ಸಮುದ್ರ ಮಟ್ಟಕ್ಕಿಂತ ಶೇಕಡ 10ರಷ್ಟು ತೆಳು. ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್‌ಗೆ 0.9 ಬಾರ್ ಒತ್ತಡ ತಡೆಯುವ ಕ್ಯಾಪ್ ಹಾಕಿದರೆ ಮಂಗಳೂರಿನಲ್ಲಿ 119ರ ತನಕ ತಡೆಯುವ ನೀರು ಮಡಿಕೇರಿಯಲ್ಲಿ 117ರ ಹತ್ತಿರ ಕುದಿಯುತ್ತದೆ. ಕ್ಯಾಪಿನ ರಬ್ಬರ್ ಸೀಳಿದ್ದರೆ ಅದೂ ಇಲ್ಲ. ಬಹಳ ಕಡಿಮೆ ಬೆಲೆಯ ಸಾಮಾನು ಅದು, ಎಲ್ಲರೂ ಕೊನೆಗೆ ಬದಲಾಯಿಸುತ್ತಾರೆ. ದಯವಿಟ್ಟು ಮೊದಲು ಬದಲಾಯಿಸಿ.

ಗೋಣಿಕೊಪ್ಪಲಿನಿಂದ:
ಅಣ್ಣ, ಕೂಲೆಂಟ್ ಜಾಸ್ತಿ ಹಾಕಿದರೆ ತಂಪು ಜಾಸ್ತಿ ಅಂತ ಅಂಗಡಿಯವರು ಪೂರ್ತಿ ಕೂಲೆಂಟನ್ನೇ ತುಂಬಿದರು. ಸರಿಯಾ?

ಉತ್ತರ:
ಸರಿಯಲ್ಲಮ್ಮ. ಶಾಖ ಹೊರುವುದರಲ್ಲಿ ನೀರಿಗಿಂತ ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ಹಿಂದೆ. ಅದರ ಕೆಲಸ ಹೆಪ್ಪುಗಟ್ಟದ ಹಾಗೆ, ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವುದು, ಕುದಿಯುವ ಬಿಂದು ಸ್ವಲ್ಪ ಏರಿಸುವುದು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಮಾತೇ ಇಲ್ಲ. ಮೂರು ಪಾಲು ಕೂಲೆಂಟ್, ಏಳು ಪಾಲು ಡಿಸ್ಟಿಲ್ಡ್ ವಾಟರ್ ಸಾಕು. ಡಬ್ಬದ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ಮಾತ್ರ ಹಾಗೇ ಹಾಕಿ. ಬೋರ್‌ವೆಲ್ ನೀರು ಬೇಡ, ಟ್ಯೂಬ್ ಒಳಗೆ ಸುಣ್ಣ ಕಟ್ಟುತ್ತದೆ.

ವಿರಾಜಪೇಟೆಯಿಂದ:
ನಮ್ಮದು ಹಳೆ ಡೀಸೆಲ್ ಜೀಪ್, ಬೆಲ್ಟ್ ಫ್ಯಾನ್. ಅದನ್ನೂ ಎಲೆಕ್ಟ್ರಿಕ್ ಮಾಡಿಸಲೇ?

ಉತ್ತರ:
ಬೇಡ. ತೋಟದಲ್ಲಿ ಮೂಟೆ ಹೊರುವ ಜೀಪಿಗೆ ಬೆಲ್ಟ್ ಫ್ಯಾನ್ ಗಟ್ಟಿ ಆಸಾಮಿ. ಶ್ರೌಡ್ ಇದೆಯಾ ನೋಡಿ, ರೆಕ್ಕೆಯ ಅರ್ಧ ಅದರೊಳಗೆ ಇರಬೇಕು. ಒಂದೇ ಎಚ್ಚರಿಕೆ, ತೋಡು ದಾಟುವಾಗ ರೆಕ್ಕೆ ನೀರಿಗೆ ಬಡಿದು ಮುಂದಕ್ಕೆ ಬಾಗಿ ಕೋರ್ ಕೊರೆಯುತ್ತದೆ. ಆಳ ಇದ್ದರೆ ಗ್ರಿಲ್‌ಗೆ ಟಾರ್ಪಾಲ್ ಕಟ್ಟಿ ನಿಧಾನ ದಾಟಿ, ಆಚೆ ದಡದಲ್ಲಿ ತಕ್ಷಣ ಬಿಚ್ಚಿ.

ಮಡಿಕೇರಿಯ ಸದಸ್ಯರು (ಮೂರು ವಾರದ ನಂತರ):
ಅಣ್ಣ, ಹಾಳೆ ಜಾರಿ ಬಿತ್ತು! ಕಂಡೆನ್ಸರ್ ಹಿಂದೆ ನೀವು ಹೇಳಿದ ಕಂಬಳಿಯೇ ಇತ್ತು. ತೆಗೆದು, ಕ್ಯಾಪ್ ಬದಲಾಯಿಸಿ, ಶ್ರೌಡ್ ಮಾಡಿಸಿದೆ. ಈಗ ಎಸಿ ಹಾಕಿ ಘಾಟಿ ಹತ್ತಿದರೂ ಮುಳ್ಳು ಅರ್ಧದಲ್ಲೇ ನಿಂತಿದೆ. ಆದರೆ ಹೀಟರ್ ಹಾಕಿದರೆ ಒಮ್ಮೆ ಬಿಸಿ ಗಾಳಿ, ಒಮ್ಮೆ ತಣ್ಣನೆ ಗಾಳಿ.

ಉತ್ತರ:
ಬಹಳ ಖುಷಿಯಾಯಿತು. ಹೀಟರ್ ಹಾಗೆ ಆಡುವುದು ಹೆಚ್ಚಾಗಿ ಒಳಗೆ ಏರ್ ಲಾಕ್ ಇದ್ದಾಗ, ಅಂದರೆ ಕೂಲೆಂಟ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಾಗ. ನಿಮ್ಮ ಅಂಗಳ ಇಳಿಜಾರಿದ್ದರೆ ಗಾಡಿಯ ಮೂತಿ ಮೇಲಿರುವ ಹಾಗೆ ನಿಲ್ಲಿಸಿ. ಇಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ನಿಲ್ಲುವ ತನಕ ಸ್ವಲ್ಪ ಸ್ವಲ್ಪ ಕೂಲೆಂಟ್ ಹಾಕುತ್ತಾ ಬನ್ನಿ. ಅರ್ಧ ಗಂಟೆಯಾದರೂ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್‌ನಿಂದ ಗ್ಯಾಸ್ ಬರುತ್ತಿರಬಹುದು. ಹಾಗಿದ್ದರೆ ಟರ್ಬೊ ಪಾರ್ಟ್ಸ್ ತರಿಸಬೇಡಿ, ಮೊದಲು ಹೆಡ್ ಬಿಚ್ಚಿಸಿ. ಭಾನುವಾರ ನಾನು ಅಂಗಡಿಯಲ್ಲೇ ಇರುತ್ತೇನೆ, ಗುಳ್ಳೆಯ ವಿಡಿಯೊ ಕಳಿಸಿ.